ಕಳೆದುಕೊಂಡವನು

ಲೂಕನ ಸುವಾರ್ತೆಯ 15ನೆಯ ಅಧ್ಯಾಯವನ್ನು ಕನ್ನಡದಲ್ಲಿ ಮೊದಲು ಓದಿದಾಗ, ಆರಂಭದಲ್ಲಿಯೇ ಒಂದು ಪದವು ನನ್ನನ್ನು ತಡೆದು ನಿಲ್ಲಿಸಿತು. ಸುಂಕದವರೂ ಪಾಪಿಗಳೆನಿಸಿಕೊಂಡವರೂ ಯೇಸುಸ್ವಾಮಿಯ ಉಪದೇಶವನ್ನು ಕೇಳಲು ಬಂದಿದ್ದರು. ಇಂಥವರನ್ನು ಈತನು ಹತ್ತಿರ ಸೇರಿಸಿ ಸಹಪಂಕ್ತಿಯಲ್ಲಿ ಉಣ್ಣುವನಲ್ಲಾ ಎಂದು ಫರಿಸಾಯರೂ ಶಾಸ್ತ್ರಿಗಳೂ ಗೊಣಗಿದರು. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸರಿಂದ ಮೊದಲಾದ ಕನ್ನಡ ಬೈಬಲಿನ ಪರಂಪರೆಯಲ್ಲಿ, ಯೆಹೂದ್ಯರ ಧರ್ಮಗ್ರಂಥಗಳನ್ನು ಬಲ್ಲ ಪಂಡಿತರಿಗೆ ಶಾಸ್ತ್ರಿಗಳೆಂಬ ಹೆಸರೇ ರೂಢಿಯಾಗಿದೆ. ಪಾಠಶಾಲೆಯಲ್ಲಿ ವ್ಯಾಕರಣವನ್ನೂ ಕಾವ್ಯವನ್ನೂ ಓದಿ, ನೆರೆಹೊರೆಯವರಿಂದ ಶಾಸ್ತ್ರಿಗಳೆನಿಸಿಕೊಂಡಿರುವ ನನಗೆ, ಮುಂದಿನ ಮಾತೆಲ್ಲವೂ ನನ್ನ ಮುಖವನ್ನು ನೋಡಿಯೇ ಹೇಳಿದಂತೆ ತೋರಿತು.

ಆ ಗೊಣಗಾಟಕ್ಕೆ ಉತ್ತರವಾಗಿ ಬಂದವು ಮೂರು ಸಾಮ್ಯಗಳು. ನೂರು ಕುರಿಗಳಲ್ಲಿ ಒಂದನ್ನು ಕಳೆದುಕೊಂಡವನು ಉಳಿದ 99ನ್ನು ಅಡವಿಯಲ್ಲಿಯೇ ಬಿಟ್ಟು ಹುಡುಕಿಕೊಂಡು ಹೋಗಿ, ಸಿಕ್ಕಿದ್ದನ್ನು ಹೆಗಲ ಮೇಲೆ ಹೊತ್ತು ತರುವನು. ಹತ್ತು ಬೆಳ್ಳಿಯ ನಾಣ್ಯಗಳಲ್ಲಿ ಒಂದನ್ನು ಕಳೆದುಕೊಂಡ ಹೆಂಗಸು ದೀಪವನ್ನು ಹಚ್ಚಿ, ಮನೆಯನ್ನು ಗುಡಿಸಿ, ಸಿಕ್ಕುವವರೆಗೂ ಅರಸುವಳು. ಆ ನಾಣ್ಯದ ಬೆಲೆ ಸುಮಾರು ಒಂದು ದಿನದ ಕೂಲಿ. ಆದರೂ ನೆರೆಯವರನ್ನೆಲ್ಲ ಕರೆದು ಸಂತೋಷಪಡುವಳು. ಮೂರನೆಯದು ಇಬ್ಬರು ಮಕ್ಕಳುಳ್ಳ ತಂದೆಯ ಕಥೆ. ಕಿರಿಯವನು ತಂದೆ ಬದುಕಿರುವಾಗಲೇ ತನ್ನ ಪಾಲನ್ನು ಕೇಳಿ ಪಡೆದು, ದೂರದೇಶದಲ್ಲಿ ಅದನ್ನು ಹಾಳುಮಾಡಿ, ಬರಗಾಲ ಬಂದಾಗ ಹಂದಿ ಕಾಯುವುದಕ್ಕೆ ನಿಂತನು. ಹಂದಿಯು ಯೆಹೂದ್ಯರ ಧರ್ಮಶಾಸ್ತ್ರದಲ್ಲಿ ಅಶುದ್ಧವಾದ ಪ್ರಾಣಿ. ಅಲ್ಲಿಂದ ಕೆಳಗಿಳಿಯಲು ಅವನಿಗೆ ಬೇರೆ ಮೆಟ್ಟಿಲಿರಲಿಲ್ಲ.

ಇದನ್ನು ಓದುವಾಗ ಶ್ರೀವೈಷ್ಣವಾಚಾರ್ಯರ ಒಂದು ಪ್ರಸಿದ್ಧ ವಿವಾದವು ನೆನಪಾಗುತ್ತದೆ. ಕೋತಿಯ ಮರಿಯು ತಾಯಿಯನ್ನು ತಾನೇ ಬಿಗಿಯಾಗಿ ಹಿಡಿದುಕೊಳ್ಳಬೇಕು. ಬೆಕ್ಕಿನ ಮರಿಯನ್ನು ತಾಯಿಯೇ ಬಾಯಲ್ಲಿ ಕಚ್ಚಿ ಒಯ್ಯುತ್ತದೆ. ಜೀವನ ಉದ್ಧಾರವು ಇವುಗಳಲ್ಲಿ ಯಾವ ನ್ಯಾಯದಿಂದ? ಕುರಿಯೂ ನಾಣ್ಯವೂ ಮಾರ್ಜಾರಕಿಶೋರದ ಪಕ್ಷ; ನಾಣ್ಯಕ್ಕಂತೂ ತಾನು ಕಳೆದುಹೋಗಿರುವೆನೆಂಬ ಅರಿವೂ ಇಲ್ಲ. ಮಗನಾದರೋ ಪಶ್ಚಾತ್ತಾಪಪಟ್ಟು ತನ್ನ ಕಾಲಿನಿಂದಲೇ ನಡೆದು ಬಂದವನು. ಆದರೆ ಅಲ್ಲಿಯೂ ತಂದೆಯು ದೂರದಿಂದಲೇ ಕಂಡು, ತನ್ನ ವಯಸ್ಸನ್ನೂ ಮರ್ಯಾದೆಯನ್ನೂ ಮರೆತು ಓಡಿಬಂದು ಅಪ್ಪಿಕೊಂಡನು. ನನ್ನನ್ನು ಕೂಲಿಯವನಂತೆ ಇಟ್ಟುಕೋ ಎನ್ನಬೇಕೆಂದು ಮಗನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತು ಬಾಯಿಂದ ಹೊರಡುವ ಮೊದಲೇ, ಉತ್ತಮವಾದ ಉಡುಪೂ ಉಂಗುರವೂ ಕೆರವೂ ಬಂದುವು.

ಕನ್ನಡದಲ್ಲಿ ಕುರಿ ತಪ್ಪಿಸಿಕೊಂಡಿತು ಎನ್ನಬಹುದು. ಕುರಿಯನ್ನು ಕಳೆದುಕೊಂಡೆನು ಎಂದೂ ಎನ್ನಬಹುದು. ಮೊದಲನೆಯದರಲ್ಲಿ ಕರ್ತೃವು ಕುರಿ, ತಪ್ಪೂ ಅದರದೇ. ಎರಡನೆಯದರಲ್ಲಿ ಕರ್ತೃವು ಒಡೆಯ, ನಷ್ಟವೂ ಅವನದೇ. ಗ್ರೀಕ್ ಮೂಲದಲ್ಲಿಯೂ ಮೊದಲ ಎರಡು ಸಾಮ್ಯಗಳಲ್ಲಿ ಕಳೆದುಕೊಂಡವರು ಕುರುಬನೂ ಹೆಂಗಸೂ ಆಗಿದ್ದಾರೆ. ನಷ್ಟವು ತನ್ನದೆಂದು ಬಗೆದವನೇ ದೀಪ ಹಚ್ಚುವನು. ತಪ್ಪು ಅದರದೆಂದು ಬಗೆದವನು ಬಾಗಿಲು ಹಾಕಿಕೊಂಡು ಮಲಗುವನು.

ನಾನು ಮಲಗಿದವನು. ಹಳ್ಳಿಯೊಂದರ ಶಾಲೆಯಲ್ಲಿದ್ದಾಗ ನನ್ನ ತರಗತಿಯಲ್ಲಿ 42 ಹುಡುಗರಿದ್ದರು. ಸುಗ್ಗಿಯ ಕಾಲದಲ್ಲಿ ಅವರಲ್ಲೊಬ್ಬನು ಬರುವುದನ್ನು ನಿಲ್ಲಿಸಿದನು. ಪ್ರತಿದಿನವೂ ಹೆಸರನ್ನು ಕೂಗಿ, ಉತ್ತರವಿಲ್ಲದಿರಲು ಗೈರುಹಾಜರೆಂದು ಗುರುತು ಹಾಕಿದೆನು. ಕಡೆಗೆ ಹೆಸರನ್ನೇ ಹೊಡೆದುಹಾಕಿದೆನು. ಅವನ ಮನೆಯು ಶಾಲೆಗೆ ಕೂಗಳತೆಯಲ್ಲಿತ್ತು. ಉಳಿದ 41 ಮಂದಿಯ ಪಾಠವು ಕೆಡಬಾರದೆಂದು ಸಮಾಧಾನ ಹೇಳಿಕೊಂಡು ಒಂದು ದಿನವೂ ಅಲ್ಲಿಗೆ ಹೋಗಲಿಲ್ಲ.

ಬಹಳ ವರ್ಷಗಳ ಮೇಲೆ, ಸಂತೆಯಲ್ಲಿ ಮೂಟೆ ಇಳಿಸುತ್ತಿದ್ದ ಒಬ್ಬನು ನನ್ನ ಗುರುತು ಹಿಡಿದು ನಮಸ್ಕರಿಸಿ, ನನ್ನ ಕೈಚೀಲವನ್ನು ತಾನೇ ಹೊತ್ತು ಬಸ್ಸಿನವರೆಗೆ ಬಂದನು. "ಯಾಕಪ್ಪಾ, ಆಗ ಶಾಲೆ ಬಿಟ್ಟೆ?" ಎಂದೆನು.

"ಅಪ್ಪ ಹಾಸಿಗೆ ಹಿಡಿದಿದ್ದರು, ಮೇಷ್ಟ್ರೇ. ಆಮೇಲೆ ಬರೋಣವೆಂದರೆ ನೀವು ಬೈತೀರೇನೋ ಅಂತ ಹೆದರಿಕೆ. ಎರಡು ಸಲ ಬೇಲಿಯ ತನಕ ಬಂದು ಹಿಂದಕ್ಕೆ ಹೋದೆ."

ಅವನ ಮಾತಿನಲ್ಲಿ ದೂರಿರಲಿಲ್ಲ. ಅದಕ್ಕೇ ಅದು ಇಂದಿಗೂ ಚುಚ್ಚುತ್ತದೆ. ಕಥೆಯ ತಂದೆಯು ಮಗನನ್ನು ದೂರದಿಂದಲೇ ಕಂಡನೆಂದರೆ ದಾರಿಯನ್ನೇ ನೋಡುತ್ತಿದ್ದಿರಬೇಕು. ನಾನು ಹಾಜರಿಪುಸ್ತಕವನ್ನು ನೋಡುತ್ತಿದ್ದೆನು.

ಆ ಕಥೆಯಲ್ಲಿ ಹಿರಿಯ ಮಗನೊಬ್ಬನಿದ್ದಾನಷ್ಟೆ. ಹೊಲದಿಂದ ಬಂದವನು ವಾದ್ಯದ ಧ್ವನಿಯನ್ನು ಕೇಳಿ, ಕೋಪದಿಂದ ಹೊರಗೇ ನಿಂತನು. ಇಷ್ಟು ವರ್ಷ ಆಜ್ಞೆ ಮೀರದೆ ದುಡಿದೆನೆಂದು ಲೆಕ್ಕವೊಪ್ಪಿಸಿದನು. ಬಂದವನನ್ನು ತಮ್ಮನೆನ್ನದೆ, ತಂದೆಯ ಮಗನೆಂದು ಹೇಳಿದನು. ನಷ್ಟವು ತನ್ನದಲ್ಲವೆಂದು ಅವನ ಭಾವ. ತಂದೆಯು ಅವನನ್ನೂ ಹುಡುಕಿಕೊಂಡು ಹೊರಗೆ ಬಂದು, ಬೈಯದೆ ಬೇಡಿಕೊಂಡನು. ಬಂದವನು ನಿನ್ನ ತಮ್ಮನೆಂಬುದನ್ನು ಮೆಲ್ಲಗೆ ನೆನಪಿಸಿದನು. ನಾಣ್ಯದಂತೆ ಮನೆಯಲ್ಲಿದ್ದೇ ಕಳೆದುಹೋದವನು ಇವನು.

ಹಿರಿಯವನು ಒಳಗೆ ಹೋದನೋ ಇಲ್ಲವೋ ಲೂಕನು ಹೇಳುವುದಿಲ್ಲ. ಕೇಳುತ್ತಿದ್ದವರು ಶಾಸ್ತ್ರಿಗಳು, ಉಳಿದ ಕಥೆಯನ್ನು ಅವರೇ ನಡೆದು ತೋರಿಸಬೇಕಾಗಿತ್ತು. ಕಳೆದ ಸಂತೆಯ ದಿನ ನಾನು ಆ ಮೂಟೆಯವನ ಮನೆಯನ್ನು ವಿಚಾರಿಸಿಕೊಂಡು ಹೋದೆನು. ಅವನು ಕೆಲಸಕ್ಕೆ ಹೋಗಿದ್ದನು. ಮುಂದಿನ ವಾರ ತಿರುಗಿ ಹೋಗಬೇಕೆಂದಿದ್ದೇನೆ.