ಇಬ್ನ್ ಬತೂತ ಕಂಡ ಹೊನ್ನಾವರ

ಶಿಗ್ಗಾಂವದಿಂದ ಎರಡು ಜೀಪುಗಳಲ್ಲಿ ಹೊರಟ ನಮ್ಮ ಪುಟ್ಟ ಕಾಫಿಲಾ ಮುಂಡಗೋಡ, ಶಿರಸಿ ದಾಟಿ, ಘಟ್ಟ ಇಳಿದು, ಕುಮಟಾ ಮಾರ್ಗವಾಗಿ ಹೊನ್ನಾವರ ತಲುಪಿತು. ಶರಾವತಿ ಕಡಲು ಸೇರುವುದನ್ನು ಮಕ್ಕಳು ಕಣ್ತುಂಬ ನೋಡಿದರು. ಆಗ ಅವರಿಗೆ ಇಬ್ನ್ ಬತೂತರ ಕಥೆ ಹೇಳಿದೆ.

ಮೊರಾಕ್ಕೋದ ಆ ಯಾತ್ರಿಕರು 1340ರ ದಶಕದಲ್ಲಿ ಇಲ್ಲಿಗೆ ಬಂದಾಗ ಸುಲ್ತಾನ್ ಜಮಾಲುದ್ದೀನರ ಆಳ್ವಿಕೆಯಿತ್ತು. ಊರಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಪಾಠಶಾಲೆಗಳಿದ್ದವು; ಬೇರೆಲ್ಲೂ ಇಂಥದ್ದನ್ನು ಕಂಡಿಲ್ಲವೆಂದು ಅವರು ದಾಖಲಿಸಿದ್ದಾರೆ. ಇಲ್ಲಿನ ಸ್ತ್ರೀಯರಿಗೆ ಕುರ್‌ಆನ್ ಕಂಠಪಾಠವಾಗಿತ್ತಂತೆ.

ನಮ್ಮೊಂದಿಗಿದ್ದ ಹುಡುಗಿಯೊಬ್ಬಳು ಹತ್ತನೆಯ ತರಗತಿ ಪಾಸಾಗಿದ್ದಳು. ಕಾಲೇಜಿಗೆ ಕಳಿಸುವ ವಿಚಾರ ಮನೆಯಲ್ಲಿನ್ನೂ ತೀರ್ಮಾನವಾಗಿರಲಿಲ್ಲ. ಅವಳು ತಂದೆಯ ಮುಖ ನೋಡಿದಳು. ಅವರು ಮೌನವಾಗಿದ್ದರು.

ಪೂರ್ವಿಕರ ವಿದ್ಯಾಭಿಮಾನವನ್ನು ಕೊಂಡಾಡುತ್ತ ನಮ್ಮ ಮಗಳ ಓದನ್ನು ಅರ್ಧಕ್ಕೆ ನಿಲ್ಲಿಸಿದರೆ ಆ ಹೊಗಳಿಕೆಗೆ ಅರ್ಥವೇನು? ಹೆತ್ತವರು ಯೋಚಿಸಲಿ.