ಒಂದು ಚಿಟಿಕೆ ಉಪ್ಪು

ಕೆಲವು ವರ್ಷಗಳ ಹಿಂದೆ ನಾವಿಬ್ಬರೂ ಇಲ್ಲಿನ ನಾಲ್ಕಾರು ಗೆಳೆಯರೂ ಹಣ ಕೂಡಿಸಿ, ಅಮೆರಿಕದಿಂದ ನಮ್ಮೂರ ಕಡೆಯ ಆಸ್ಪತ್ರೆಯೊಂದಕ್ಕೆ ಯಂತ್ರವೊಂದನ್ನು ಕಳಿಸಿದೆವು. ಹಾರ, ತುರಾಯಿ, ಫೋಟೋ ಎಲ್ಲ ಆಯಿತೆಂದು ಕಾಗದ ಬಂತು. ಕಳೆದ ಸಲ ಊರಿಗೆ ಹೋಗಿ ನೋಡಿದರೆ ಅದು ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿತ್ತು. ಇಲ್ಲಿನ ವಿದ್ಯುತ್ತು 120 ವೋಲ್ಟು, ಅಲ್ಲಿನದು 230. ಬಿಡಿಭಾಗ ಸಿಗುವುದಿಲ್ಲ, ರಿಪೇರಿ ಮಾಡುವವರಿಲ್ಲ. ನಿಮಗೇನು ಬೇಕು ಎಂದು ನಾವು ಒಮ್ಮೆಯೂ ಕೇಳಿರಲಿಲ್ಲ. ತಪ್ಪು ನಮ್ಮದೇ.

ಅದೇ ವಾರ ನಮ್ಮಣ್ಣನ ಪುಟ್ಟ ಮೊಮ್ಮಗಳಿಗೆ ಭೇದಿ ಹತ್ತಿತು. ಕಣ್ಣು ಗುಳಿ ಬಿದ್ದು, ಅತ್ತರೂ ಕಣ್ಣೀರಿಲ್ಲ. ಕಾರು ತೆಗೆಯಿರೆಂದು ನಾವು ಗಾಬರಿಯಿಂದ ಕೂಗಾಡುತ್ತಿದ್ದಾಗಲೇ, ಪಕ್ಕದ ಬೀದಿಯ ಆಶಾ ಕಾರ್ಯಕರ್ತೆ ಓಆರ್‌ಎಸ್ ಪೊಟ್ಟಣ, ಸತುವಿನ ಮಾತ್ರೆ ಹಿಡಿದು ಬಂದರು. ಕಾಯಿಸಿ ಆರಿಸಿದ ಒಂದು ಲೀಟರು ನೀರಿಗೆ ಇಡೀ ಪೊಟ್ಟಣ ಕರಗಿಸಿ, ಚಮಚದಲ್ಲಿ ಕುಡಿಸುತ್ತಾ ಸಂಜೆಯವರೆಗೂ ಕೂತರು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ. ಮಂಪರು ಕವಿದರೆ, ಕುಡಿಯದೇ ಹೋದರೆ ತಡಮಾಡದೆ ಆಸ್ಪತ್ರೆ, ಎಂದರು. ಮಾತ್ರೆಯನ್ನು 14 ದಿನ ತಪ್ಪಿಸಬಾರದಂತೆ. ರಾತ್ರಿಯ ಹೊತ್ತಿಗೆ ಮಗು ಚಡ್ಡಿ ಒದ್ದೆ ಮಾಡಿದಳು. ಮನೆಯವರೆಲ್ಲ ಹಬ್ಬ ಬಂದಂತೆ ನಕ್ಕೆವು.

ವಾಪಸು ಬಂದ ಮೇಲೆ ಈ ಪೊಟ್ಟಣದ ಕಥೆ ಹುಡುಕಿ ಓದಿದೆವು. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ದ್ರವ ಸಾಲದಾದಾಗ, ಡಾ. ದಿಲೀಪ್ ಮಹಾಲನಬೀಸ್ ಅವರು ಉಪ್ಪು, ಗ್ಲೂಕೋಸು, ಅಡಿಗೆ ಸೋಡ ಬೆರೆಸಿದ ನೀರನ್ನು ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ಸಾವು ನೂರಕ್ಕೆ ಸುಮಾರು 30ರಿಂದ 4ಕ್ಕಿಂತ ಕೆಳಗಿಳಿಯಿತು. ಕರುಳಿನಲ್ಲಿ ಗ್ಲೂಕೋಸು ಉಪ್ಪಿನ ಕೈಹಿಡಿದು ಒಳಗೆ ಕರೆದೊಯ್ಯುತ್ತದೆ, ನೀರು ಹಿಂಬಾಲಿಸುತ್ತದೆ, ಗುಟ್ಟು ಇಷ್ಟೇ. 1980ರಿಂದ 1990ರವರೆಗೆ ಬಾಂಗ್ಲಾದೇಶದ ಬ್ರಾಕ್ ಸಂಸ್ಥೆಯ ಹೆಣ್ಣುಮಕ್ಕಳು ಮನೆಮನೆಗೆ ಹೋಗಿ, ಒಂದು ಕೋಟಿಗೂ ಹೆಚ್ಚು ತಾಯಂದಿರಿಗೆ ಮೂರು ಬೆರಳ ಚಿಟಿಕೆ ಉಪ್ಪು, ಹಿಡಿ ಬೆಲ್ಲ, ಅರ್ಧ ಸೇರು ನೀರಿನ ಲೆಕ್ಕ ಕಲಿಸಿದರು. ಕಲಿಸಿದವರಿಗೆ ಸಂಬಳ, ಆ ತಾಯಂದಿರಿಗೆ ಪಾಠ ಎಷ್ಟು ನೆನಪಿದೆ ಎಂಬುದರ ಮೇಲೆ! ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂಬ ಗಾದೆ ನಮಗೆ ಈಗ ಬೇರೆಯೇ ಆಗಿ ಕೇಳಿಸುತ್ತದೆ.

ಈ ವರ್ಷವೂ ಊರಿಗೆ ಏನಾದರೂ ಕಳಿಸಬೇಕೆಂದು ಗೆಳೆಯರು ಅನ್ನುತ್ತಿದ್ದಾರೆ. ಈ ಸಲ ಮೊದಲು ಆ ಆಶಾ ಕಾರ್ಯಕರ್ತೆಗೇ ಫೋನು ಮಾಡಿ ಕೇಳಿದೆವು. ಅವರು ಕೇಳಿದ್ದು ಎರಡೇ: ಮಳೆಗೆ ನೆನೆಯದ ಒಂದು ಚೀಲ, ಒಂದು ಒಳ್ಳೆಯ ಟಾರ್ಚು. ಎರಡೂ ಅಲ್ಲಿನ ಸಂತೆಯಲ್ಲೇ ಸಿಗುತ್ತವಂತೆ.