ಬೇರಿನ ಋಣ

ಪಡೆದುದನ್ನು ಸಮಾಜಕ್ಕೆ ಮರಳಿ ಸಲ್ಲಿಸುವ ಭಾವವೇ ದಾಸೋಹವೆಂದು ನಾವು ಓದಿದ್ದೆವು. ಪ್ರವಚನಗಳಲ್ಲಿ ಎಷ್ಟೋ ಸಲ ಹೇಳಿಯೂ ಇದ್ದೆವು. ಆದರೆ ಮಣ್ಣಿನಿಂದ ಪಡೆದುದನ್ನು ಮಣ್ಣಿಗೂ ಸಲ್ಲಿಸಬೇಕೆಂಬ ಮಾತು ನಮಗೆ ಮನದಟ್ಟಾದದ್ದು ಅರವತ್ತು ದಾಟಿದ ಮೇಲೆ, ಅದೂ ಕಾಲೇಜಿನಲ್ಲಿ ಓದುವ ಒಬ್ಬ ಹೆಣ್ಣುಮಗಳ ಬಾಯಿಂದ.

ಕಪ್ಪತಗುಡ್ಡದ ಸೆರಗಿನ ಒಂದು ಮಠದಲ್ಲಿ ನಾವು ಬೆಳೆದವರು. 1970ರ ದಶಕದಲ್ಲಿ ನಮ್ಮ ಗುರುಗಳು ಪೂಜೆ, ಪಾಠಗಳ ಜೊತೆಗೆ ಬಡರೋಗಿಗಳಿಗೆ ನಾಟಿ ಔಷಧಿಯನ್ನೂ ಕೊಡುತ್ತಿದ್ದರು. ಮಳೆಗಾಲ ಕಳೆದೊಡನೆ ವಿದ್ಯಾರ್ಥಿಗಳಾದ ನಮ್ಮನ್ನು ಗುಡ್ಡಕ್ಕೆ ಅಟ್ಟುವರು. ಮಧುನಾಶಿನಿಯ ಎಲೆ, ಶತಾವರಿಯ ಗಡ್ಡೆ, ಸೊಗದೆಯ ಬೇರು ನಮ್ಮ ಚೀಲ ಸೇರುತ್ತಿದ್ದವು. ಒಂದು ಬಳ್ಳಿಯ ಅರ್ಧ ಬೇರನ್ನಷ್ಟೇ ತೆಗೆದು, ಉಳಿದುದಕ್ಕೆ ಮಣ್ಣು ಮುಚ್ಚಿ ಬರಬೇಕೆಂಬುದು ಗುರುಗಳ ಕಟ್ಟಪ್ಪಣೆ. ಬಿಸಿಲೇರುವ ಮುನ್ನ ಇಳಿಯುವ ಆತುರದಲ್ಲಿ ನಾವು ಇಡೀ ಬೇರನ್ನೇ ಕಿತ್ತು ತರುತ್ತಿದ್ದೆವು. ಗುರುಗಳು ಚೀಲವನ್ನು ಎತ್ತಿ ನೋಡಿ ಮೆಚ್ಚುತ್ತಿದ್ದರು. ನಾವು ತಲೆ ತಗ್ಗಿಸಿ ನಿಲ್ಲುತ್ತಿದ್ದೆವು. ಅವರದನ್ನು ವಿನಯವೆಂದು ತಿಳಿದರು. ನಿಜ ಹೇಳುವ ಧೈರ್ಯ ನಮಗೆ ಬರುವ ಮೊದಲೇ ಅವರು ಲಿಂಗೈಕ್ಯರಾದರು.

ಈ ಗುಡ್ಡ ಉಳಿದ ಕಥೆಯನ್ನು ನಮ್ಮ ಭಾಗದ ಭಕ್ತರು ಬಲ್ಲರು. 2011ರಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ರೈತರ ಭೂಮಿ ಹೋಗದಂತೆ ತಡೆದ ಹೋರಾಟದ ಮುಂಚೂಣಿಯಲ್ಲಿ ಗದುಗಿನ ತೋಂಟದಾರ್ಯ ಮಠದ ಪೂಜ್ಯ ಡಾ. ಸಿದ್ಧಲಿಂಗ ಮಹಾಸ್ವಾಮಿಗಳಿದ್ದರು. 2015ರಲ್ಲಿ ಸರಕಾರ ಕಪ್ಪತಗುಡ್ಡವನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. 2016ರಲ್ಲಿ ಆ ಆದೇಶವನ್ನು ಹಿಂತೆಗೆದುಕೊಂಡಿತು. ಆಗ ಶ್ರೀಗಳು ಜನರೊಡನೆ ಮತ್ತೆ ಧರಣಿಗೆ ಕುಳಿತರು. 2017ರಲ್ಲಿ ಸಂರಕ್ಷಿತ ಸ್ಥಾನಮಾನ ಮರಳಿ ಬಂದಿತು. 2018ರ ಅಕ್ಟೋಬರಿನಲ್ಲಿ ಶ್ರೀಗಳು ಲಿಂಗೈಕ್ಯರಾದರು. ಮರುವರ್ಷ, 2019ರಲ್ಲಿ, ಸುಮಾರು 244 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿ ಧಾಮವಾಯಿತು. ಅದನ್ನು ಕಾಣಲು ಅವರಿರಲಿಲ್ಲ.

ನಾಲ್ಕು ವರ್ಷಗಳ ಹಿಂದೆ ನಮ್ಮ ಊರಿನ ತರುಣರು, ಅಕ್ಕನ ಬಳಗದ ತಾಯಂದಿರು ಮತ್ತು ಶಾಲೆಯ ಶಿಕ್ಷಕರು ಕೂಡಿ, ಮಠದ ಹಿಂದಿನ ಎರಡು ಎಕರೆ ಪಾಳುಭೂಮಿಯನ್ನು ವನವಾಗಿಸುವ ಸಂಕಲ್ಪ ಮಾಡಿದರು. ಜಾಲಿ ಕಂಟಿ ಕಡಿದು, ಇಳಿಜಾರಿಗೆ ಅಡ್ಡಲಾಗಿ ಸಣ್ಣ ಕಂದಕಗಳನ್ನು ತೋಡಿದರು. ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಿಂದ ಬೇವು, ಹೊಂಗೆ, ಬಿಲ್ವ, ಅತ್ತಿಯ ಸಸಿಗಳು ಬಂದವು. ಔಷಧಿ ಸಸ್ಯಗಳ ಮಾತು ಬಂದಾಗ ಎಲ್ಲರೂ ನಮ್ಮತ್ತ ನೋಡಿದರು. ನಾವು ಹೆಮ್ಮೆಯಿಂದ, 'ನಾಳೆ ನಸುಕಿನಲ್ಲಿ ನಾಲ್ವರು ನಮ್ಮೊಡನೆ ಗುಡ್ಡಕ್ಕೆ ಬನ್ನಿರಿ. ಬೇಕಾದಷ್ಟು ಸೊಗದೆ ಕಿತ್ತು ತರೋಣ' ಎಂದೆವು.

ಆಗ ಆ ಹೆಣ್ಣುಮಗಳು ಎದ್ದು ನಿಂತು, 'ಅಜ್ಜಾರ, ಗುಡ್ಡ ಉಳೀಲಿ ಅಂತ ಸ್ವಾಮಿಗಳು ಧರಣಿ ಕುಂತ್ರು. ಆ ಗುಡ್ಡದ್ದ ಬೇರು ಕಿತ್ತು ತಂದು ನಾವು ವನ ಮಾಡಿದ್ರ ಹ್ಯಾಂಗ?' ಎಂದಳು. ಅನುಮತಿಯಿಲ್ಲದೆ ವನ್ಯಜೀವಿ ಧಾಮದಿಂದ ಸಸ್ಯಗಳನ್ನು ತೆಗೆಯುವುದು 1972ರ ಕಾಯ್ದೆಯ ಪ್ರಕಾರ ಅಪರಾಧವೆಂಬುದನ್ನೂ ತಿಳಿಸಿದಳು. ಸಭೆ ಸ್ತಬ್ಧವಾಯಿತು. ಹಿರಿಯರೊಬ್ಬರು ಅವಳನ್ನು ಗದರಿಸಲು ಬಾಯಿ ತೆರೆದರು. ನಾವು ಅವರನ್ನು ತಡೆದು, ಐವತ್ತು ವರ್ಷ ಎದೆಯಲ್ಲಿ ಇಟ್ಟುಕೊಂಡಿದ್ದ ಆ ಚೀಲದ ಸಂಗತಿಯನ್ನು ಅಲ್ಲಿಯೇ ಹೇಳಿಬಿಟ್ಟೆವು. ಗುರುಗಳ ಮುಂದೆ ಆಡಬೇಕಾದ ಮಾತನ್ನು ಮಕ್ಕಳ ಮುಂದೆ ಆಡಿದ್ದಾಯಿತು.

ಮರುದಿನ ಆ ಮಗಳೇ ರೈತರೊಬ್ಬರ ಹೊಲದ ಬದುವಿನಲ್ಲಿ ಸೊಗದೆಯನ್ನು ಹುಡುಕಿದಳು. ಅವರನ್ನು ಕೇಳಿ, ಗೆಣ್ಣುಳ್ಳ ತುಂಡುಗಳನ್ನು ಕತ್ತರಿಸಿ ತಂದು ಮಣ್ಣು ತುಂಬಿದ ಚೀಲಗಳಲ್ಲಿ ಊರಿದೆವು. ಮೊದಲ ಬೇಸಿಗೆಯಲ್ಲಿ ಅರ್ಧಕ್ಕಿಂತ ಹೆಚ್ಚು ಸಸಿಗಳು ಒಣಗಿದವು. ನೆಡುವ ದಿನ ಭಾವಚಿತ್ರಕ್ಕೆ ನಿಂತವರಲ್ಲಿ ಅನೇಕರು ನೀರುಣಿಸುವ ದಿನಗಳಲ್ಲಿ ಕಾಣಲಿಲ್ಲ. ಅಕ್ಕನ ಬಳಗದವರು ಮಾತ್ರ ಬಿಡಲಿಲ್ಲ. ಪ್ರಸಾದ ನಿಲಯದಲ್ಲಿ ಕೈತೊಳೆದ ನೀರು ಗಟಾರ ಸೇರುತ್ತಿದ್ದುದನ್ನು ಕಂಡು, ಅದನ್ನು ತೊಟ್ಟಿಯಲ್ಲಿ ಹಿಡಿದು ಕೊಡಗಳಲ್ಲಿ ಹೊತ್ತು ಹಾಕಿದರು. ದಾಸೋಹದ ನೀರು ಹೀಗೆ ಇನ್ನೊಂದು ದಾಸೋಹಕ್ಕೆ ಒದಗಿತು.

ಇಂದು ಬೇವು ಆಳೆತ್ತರ ಮೀರಿದೆ, ನವಿಲು ಬರುತ್ತದೆ. ಸೊಗದೆಯ ಬಳ್ಳಿಗಳು ಹೊಂಗೆಯ ನೆರಳಿನಲ್ಲಿ ಹಬ್ಬುತ್ತಿವೆ. ನಾವು ಪ್ರತಿ ಸೋಮವಾರ ಮಕ್ಕಳಿಗೆ ಗಿಡಗಳ ಕನ್ನಡ ಹೆಸರುಗಳನ್ನು ಕಲಿಸುತ್ತೇವೆ. ಬೇರನ್ನು ಎಷ್ಟು ತೆಗೆಯಬೇಕು, ಎಷ್ಟು ಬಿಡಬೇಕು ಎಂಬ ಗುರುವಾಕ್ಯವನ್ನೂ ಹೇಳುತ್ತೇವೆ. ನಮ್ಮ ವನದ ಸೊಗದೆಯಿಂದ ಇದುವರೆಗೆ ಒಂದೆಳೆ ಬೇರನ್ನೂ ತೆಗೆದಿಲ್ಲ. ಕಿತ್ತ ಲೆಕ್ಕ ದೊಡ್ಡದು, ನೆಟ್ಟ ಲೆಕ್ಕ ಇನ್ನೂ ಚಿಕ್ಕದು.

ಶರಣ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ. ಮದುವೆಗೆ, ನಾಮಕರಣಕ್ಕೆ, ಹಿರಿಯರ ಸ್ಮರಣೆಗೆ ಸಸಿ ನೆಡುವ ರೂಢಿ ಒಳ್ಳೆಯದು. ಆದರೆ ನೆಡುವ ದಿನವೇ, ಮೂರು ಬೇಸಿಗೆ ಅದಕ್ಕೆ ನೀರೆರೆಯುವವರು ಮನೆಯಲ್ಲಿ ಯಾರೆಂಬುದನ್ನೂ ಗೊತ್ತುಮಾಡಿಕೊಳ್ಳಿರಿ. ಆ ಹೊಣೆ ಹೊರಲು ಮಕ್ಕಳು ಮುಂದೆ ಬಂದರೆ ಅವರ ಮಾತನ್ನು ತಡೆಯಬೇಡಿರಿ.